ಯಾದಗಿರಿಗೆ ಬಂದ ಕಾಂಟಾ ಕಂಪ್ಯೂಟರ್

ಶಹಾಪುರದ ಡಿಗ್ರಿ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಮರಿಲಿಂಗ ಮಾಸ್ತರು ಕ್ವಾಂಟಮ್ ಕಂಪ್ಯೂಟರಿನ ತರಬೇತಿಗೆಂದು ವಿಶ್ವವಿದ್ಯಾಲಯಕ್ಕೆ ಹೋಗುವಾಗ ನಮ್ಮ ನಿಮ್ಮಂಥ ಮನುಷ್ಯರೇ ಆಗಿದ್ದರು. ವಾರ ಕಳೆದು ತಿರುಗಿ ಬಂದಾಗ ಅವರ ಹೆಗಲಿಗೆ ಒಂದು ಬಟ್ಟೆಚೀಲ, ಕೊರಳಿಗೆ ಒಂದು ಗುರುತಿನ ಪಟ್ಟಿ, ಮಾತಿಗೆ ಒಂದು ಗತ್ತು ಬಂದಿದ್ದವು. ಚೀಲ ತರಕಾರಿಗೆ ಹೋಯಿತು. ಪಟ್ಟಿ ಬಾಗಿಲ ಹಿಂದಿನ ಮೊಳೆಗೆ ಹೋಯಿತು. ಗತ್ತು ಮಾತ್ರ ಮನೆಯವರ ಪಾಲಿಗೆ ಉಳಿಯಿತು.

ಬಂದ ಮರುದಿನ ಬೆಳಿಗ್ಗೆ ಹೆಂಡತಿ ಭಾಗ್ಯ, ಸಿಲಿಂಡರ್ ಮುಗಿದಿದೆಯೋ ಇನ್ನೂ ಇದೆಯೋ ಸ್ವಲ್ಪ ನೋಡಿ ಎಂದು ಕೇಳಿದಳು. ಮಾಸ್ತರು ಕುರ್ಚಿಯಿಂದ ಏಳದೆ, ನೋಡುವ ತನಕ ಸಿಲಿಂಡರ್ ಮುಗಿದೂ ಇರುತ್ತದೆ, ಮುಗಿಯದೆಯೂ ಇರುತ್ತದೆ, ಜಗತ್ತಿನ ಬುಡವೇ ಹಾಗೆ ಎಂದು ವಿವರಿಸತೊಡಗಿದರು. ಭಾಗ್ಯ ಸಿಲಿಂಡರನ್ನು ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿದಳು. "ಮುಗದದ. ಏಳ್ರಿ, ಹೋಗಿ ತರ್ರಿ" ಎಂದಳು. ವಿಜ್ಞಾನದಲ್ಲಿ ಇದಕ್ಕೆ ಮಾಪನ ಎಂದು ಹೆಸರು. ಮಾಪನವಾದ ಮೇಲೆ ವಾದಕ್ಕೆ ಜಾಗವಿರುವುದಿಲ್ಲ. ಮಾಸ್ತರು ಸಿಲಿಂಡರನ್ನು ಸ್ಕೂಟರಿಗೆ ಕಟ್ಟಿಕೊಂಡು ಹೊರಟರು.

ಪಾಪ, ಅವರ ಗತ್ತಿಗೆ ಒಂದು ಕಾರಣವಿತ್ತು. ಆ ಕಾರಣ ಯಾದಗಿರಿಯಲ್ಲಿ ವಾಸವಾಗಿತ್ತು. ಮಾವ ಹಣಮಂತ್ರಾಯ ಸಾಹುಕಾರರಿಗೆ ಅಲ್ಲಿನ ಗಂಜಿನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ಅಜ್ಜನ ಕಾಲದಿಂದ ಬಂದ ತೊಗರಿ ಅಂಗಡಿ. ಹಿರಿಯ ಅಳಿಯ ಭೀಮೇಶ ಕಡೇಚೂರಿನ ಕಾರ್ಖಾನೆಗಳಿಗೆ ಆಳು ಒದಗಿಸುವ ಗುತ್ತಿಗೆದಾರ. ಅವನ ಕಾರು ಬಂದು ನಿಂತರೆ ಸಾಹುಕಾರರು ಹೊಸ್ತಿಲು ದಾಟಿ ಇದಿರಿಗೆ ಹೋಗುತ್ತಿದ್ದರು. ಮರಿಲಿಂಗ ಮಾಸ್ತರು ಬಸ್ಸಿಳಿದು ಬೆವರೊರೆಸಿಕೊಳ್ಳುತ್ತ ಬಂದರೆ ಕೂತಲ್ಲಿಂದಲೇ ಕತ್ತೆತ್ತಿ, "ಇನ್ನೂ ಕಾಲೇಜಿನ್ಯಾಗ ಅದೀರೇನು?" ಎಂದು ವಿಚಾರಿಸುತ್ತಿದ್ದರು. ಒಂದೇ ಕ್ಲಾಸಿನಲ್ಲಿ ವರ್ಷವರ್ಷ ಫೇಲಾಗಿ ಕೂತ ಹುಡುಗನನ್ನು ಕೇಳುವ ದನಿ ಅದು. ಹದಿನೈದು ವರ್ಷಗಳಲ್ಲಿ ಮಾಸ್ತರಿಗೆ ಅದಕ್ಕೆ ತಕ್ಕ ಉತ್ತರ ಸಿಕ್ಕಿರಲಿಲ್ಲ.

ಹೀಗಿರುವಾಗ ಕಾಲೇಜಿಗೆ ವಿಶ್ವವಿದ್ಯಾಲಯದಿಂದ ಫೋನ್ ಬಂತು. ಕ್ವಾಂಟಮ್ ಕಂಪ್ಯೂಟರಿನ ವಿಷಯವನ್ನು ಜನಸಾಮಾನ್ಯರ ಬಳಿಗೆ ಒಯ್ಯಬೇಕು. ವಿಸ್ತರಣಾ ವಿಭಾಗದ ನಿರ್ದೇಶಕರು ತಾವೇ ಬಂದು ನೋಡುತ್ತಾರೆ. ಎಲ್ಲಿ ಜನರಿಗೆ ಆಸಕ್ತಿ ಕಾಣುತ್ತದೋ ಆ ಕಾಲೇಜಿಗೆ ಒಂದು ಕಲಿಕಾ ಕೇಂದ್ರ ಕೊಡುತ್ತಾರೆ. ಆ ಕೇಂದ್ರದಲ್ಲಿ ಕೂತು ವಿದ್ಯಾರ್ಥಿಗಳು ಎಲ್ಲೋ ದೂರದೇಶದಲ್ಲಿರುವ ನಿಜವಾದ ಕ್ವಾಂಟಮ್ ಕಂಪ್ಯೂಟರಿಗೆ ಇಂಟರ್ನೆಟ್ಟಿನಲ್ಲಿ ಲೆಕ್ಕ ಕಳಿಸಿ ಉತ್ತರ ತರಿಸಿಕೊಳ್ಳಬಹುದು.

ಈ ಕೇಂದ್ರ ಮಾಸ್ತರಿಗೆ ಬೇಕೇ ಬೇಕಾಗಿತ್ತು. ತರಬೇತಿಯಿಂದ ಬಂದ ಹುರುಪಿನಲ್ಲಿ ಅವರು ಅಂತಿಮ ವರ್ಷದ ತರಗತಿಯಲ್ಲಿ ಮೈಮರೆತು ಪಾಠ ಮಾಡಿದ್ದರು. ಮುಂದಿನ ಬೆಂಚಿನ ಉಮೆಸಲ್ಮಾ ಎಂಬ ಹುಡುಗಿ ಎದ್ದು ನಿಂತು, ಆ ಕಂಪ್ಯೂಟರಿನ ಮೇಲೆ ನಾವು ಎಂದಾದರೂ ಲೆಕ್ಕ ಮಾಡಲಿಕ್ಕೆ ಆಗುತ್ತದೆಯೇ ಎಂದು ಕೇಳಿದಾಗ, ಇದೇ ವರ್ಷ ಮಾಡಿಸುತ್ತೇನೆ ಎಂದುಬಿಟ್ಟಿದ್ದರು. ಆಡಿದ ಮಾತು ಕೊರಳಿಗೆ ಬಿದ್ದಿತ್ತು.

ತೊಡಕುಗಳು ಎರಡು. ಶಹಾಪುರಕ್ಕೆ ರೈಲಿಲ್ಲ, ನಿರ್ದೇಶಕರು ರೈಲಿಳಿದ ಮೇಲೆ ಇನ್ನೊಂದು ವಾಹನ ಹತ್ತಲಾರೆ ಎಂದರು. ಹಾಗಾಗಿ ಕಾರ್ಯಕ್ರಮ ಯಾದಗಿರಿಯಲ್ಲೇ ಆಗಬೇಕು. ಅಲ್ಲಿ ಆ ದಿನ ಖಾಲಿ ಸಿಕ್ಕಿದ ಸಭಾಂಗಣ ಗಂಜಿನ ಪಕ್ಕದ ರೈತಭವನ ಒಂದೇ. ಎರಡನೆಯ ತೊಡಕು ಜನರದು. ಹಿಂದಿನ ವರ್ಷ ವಿಜ್ಞಾನ ದಿನಾಚರಣೆಗೆ ಬಂದ ಸಾರ್ವಜನಿಕನೆಂದರೆ ಶಾಮಿಯಾನದವನೊಬ್ಬನೇ, ಅವನೂ ಬಾಡಿಗೆಗೆಂದು ಕಾದು ನಿಂತಿದ್ದ. ಜನರನ್ನು ಕೂಡಿಸುವುದು ಮಾಸ್ತರ ಹೊಣೆ ಎಂದು ಪ್ರಾಂಶುಪಾಲರು ಕೈ ತೊಳೆದುಕೊಂಡರು.

ಮಾಸ್ತರು ಯಾದಗಿರಿಯ ಶಹಬಾಜನನ್ನು ಹಿಡಿದರು. ಆಟೋಕ್ಕೆ ಮೈಕು ಕಟ್ಟಿಕೊಂಡು ಊರೂರು ಸಾರುವುದು ಅವನ ಕಸುಬು. ಕೋಚಿಂಗ್ ಕ್ಲಾಸಿರಲಿ, ಕಣ್ಣಿನ ಶಿಬಿರವಿರಲಿ, ಕಳೆದುಹೋದ ಎಮ್ಮೆಯಿರಲಿ, ಅವನು ಸಾರಿದರೆ ಜನ ಬಾಗಿಲಿಗೆ ಬರುತ್ತಿದ್ದರು. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಮಾತಾಯಿತು. ಮಾಸ್ತರು ಬರೆದು ಕೊಡುತ್ತೇನೆ ಎಂದರೆ ಶಹಬಾಜ ಬೇಡವೆಂದ. "ಕಾಗದ ನೋಡಿ ಹೇಳಿದ್ರ ಆವಾಜ್ ಸತ್ತು ಹೋಗ್ತದ್ರಿ ಸರ್. ಬಾಯಿಲೆ ಹೇಳ್ರಿ, ಮುಂದಿನ ಫಿಕರ್ ನನಗ ಬಿಡ್ರಿ."

ಮಾಸ್ತರು ಹೇಳಿದರು. ಅದೇ ಹೊತ್ತಿಗೆ ಗುರುಮಠಕಲ್ ಬಸ್ಸು ಹಾರ್ನು ಹೊಡೆಯುತ್ತ ಹಿಂದೆ ಸರಿಯುತ್ತಿತ್ತು. ಶಹಬಾಜನ ಕಿವಿಗೆ 'ಕ್ವಾಂಟಮ್' ಎಂಬುದು 'ಕಾಂಟಾ' ಎಂದು ಬಿತ್ತು. ಇದರಲ್ಲಿ ಅವನ ತಪ್ಪೇನೂ ಇಲ್ಲ. ಈ ಭಾಗದಲ್ಲಿ ತಕ್ಕಡಿಗೆ, ತೂಕದ ಯಂತ್ರಕ್ಕೆ, ಎಲ್ಲದಕ್ಕೂ ಕಾಂಟಾ ಎನ್ನುತ್ತಾರೆ. ಕಾರ್ಯಕ್ರಮ ನಡೆಯುವುದು ಗಂಜಿನ ಪಕ್ಕ. ಬುದ್ಧಿಯಿದ್ದವನು ಮತ್ತೇನೆಂದು ಕೇಳಿಸಿಕೊಳ್ಳಬೇಕು. ಅದು ಏನು ಮಾಡುತ್ತದೆ ಎಂದು ಕೇಳಿದ. ಮಾಮೂಲಿ ಕಂಪ್ಯೂಟರಿಗೆ ಸಾವಿರ ವರ್ಷ ಹಿಡಿಯುವ ಲೆಕ್ಕ ಅದಕ್ಕೆ ಚಿಟಿಕೆ ಹೊಡೆದಷ್ಟು, ಅದು ಪೂರ್ತಿ ಬೆಳೆದ ದಿನ ಬ್ಯಾಂಕಿನ ಗುಟ್ಟು ಸರ್ಕಾರದ ಗುಟ್ಟು ಯಾವುದೂ ಉಳಿಯುವುದಿಲ್ಲ ಎಂದು ಮಾಸ್ತರು ಹುರುಪಿನಿಂದ ಹೇಳಿದರು.

"ಸಾಹುಕಾರ್ರ ಗುಟ್ಟೂ ಉಳಿಯೂದಿಲ್ಲೇನ್ರಿ?"

"ಯಾರ ಗುಟ್ಟೂ ಉಳಿಯೂದಿಲ್ಲ."

ಶಹಬಾಜನಿಗೆ ಮಾಸ್ತರ ಮೇಲೆ ದೊಡ್ಡ ಗೌರವ ಹುಟ್ಟಿತು. ಚಹಾದ ಬಿಲ್ಲನ್ನು ತಾನೇ ಕೊಟ್ಟ.

ಮರುದಿನ ಬೆಳಿಗ್ಗೆ ಯಾದಗಿರಿಯ ಗಂಜಿನಲ್ಲಿ ಅವನ ದನಿ ಮೊಳಗಿತು: "ರೈತ ಬಾಂಧವರೇ, ವ್ಯಾಪಾರಿ ಬಾಂಧವರೇ, ಬರೋ ಬುಧವಾರ ರೈತಭವನಕ್ಕ ಕಾಂಟಾ ಕಂಪ್ಯೂಟರ್ ಬರಾಕತ್ತದ. ಸಾವಿರ ವರ್ಷದ ಲೆಕ್ಕ ಚಿಟಿಕಿ ಹೊಡಿಯೋದ್ರಾಗ ತೆಗೀತದ. ಯಾರ ಗುಟ್ಟೂ ಉಳಿಯೂದಿಲ್ಲ. ಶಹಾಪುರದ ಮರಿಲಿಂಗ ಮಾಸ್ತರ್ ಸಾಹೇಬ್ರು ತಾವ ನಿಂತು ತೋರಸ್ತಾರ." ಮಾಲು ತರಬೇಕೇ ಎಂದು ಯಾರೋ ಕೇಳಿದರು. ಕಾಂಟಾ ನೋಡಲಿಕ್ಕೆ ಬರಿಗೈಲಿ ಯಾರು ಹೋಗುತ್ತಾರೆ ಎನ್ನಿಸಿ ಶಹಬಾಜ ಮಧ್ಯಾಹ್ನದಿಂದ ಮಾಲು ತನ್ನಿ ಎಂಬುದನ್ನೂ ಸೇರಿಸಿದ. ಹತ್ತಿಕುಣಿಗೆ ಹೋಗಿ ಸಾರಿದ. ಗುರುಮಠಕಲ್ಲಿನಲ್ಲಿ ಅಕ್ಕನ ಮನೆಯಿದ್ದುದರಿಂದ ಅಲ್ಲಿಗೂ ಹೋಗಿ ಅರ್ಧ ತೆಲುಗಿನಲ್ಲಿ ಸಾರಿ ಬಂದ, ಅದಕ್ಕೆ ಬಾಡಿಗೆಯನ್ನೂ ಕೇಳಲಿಲ್ಲ. ಶಹಾಪುರದಲ್ಲಿ ಕೂತ ಮಾಸ್ತರಿಗೆ ಇದೊಂದೂ ಕೇಳಿಸಲಿಲ್ಲ.

ಕೇಳಿಸಿದ್ದು ಹಣಮಂತ್ರಾಯ ಸಾಹುಕಾರರಿಗೆ. ಅವರ ಅಂಗಡಿಯಲ್ಲಿ ಎರಡು ಕಾಂಟಾಗಳಿದ್ದವು. ಒಂದು ರೈತರಿಂದ ಕೊಳ್ಳುವಾಗ ಇಡುವಂಥದ್ದು. ಅದು ಸ್ವಭಾವದಿಂದಲೇ ಸಂಕೋಚದ್ದು. ಮೇಲಿಟ್ಟ ತೂಕವನ್ನೆಲ್ಲ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಇನ್ನೊಂದು ತಪಾಸಣೆಯವರು ಬಂದಾಗ ಇಡುವಂಥದ್ದು. ಅದು ಸತ್ಯಹರಿಶ್ಚಂದ್ರನ ತುಂಡು. ಈ ಸಂಗತಿ ಸಾಹುಕಾರರಿಗೂ ತೂಕದ ಹಮಾಲ ಹಸನಸಾಬನಿಗೂ ಬಿಟ್ಟರೆ ಮನೆಯವರಿಗೂ ತಿಳಿದಿರಲಿಲ್ಲ.

ರವಿವಾರ ಬೆಳಿಗ್ಗೆ ಮಾಸ್ತರ ಫೋನು ಸದ್ದು ಮಾಡಿತು. ಅಪ್ಪನ ಹೆಸರು ಕಂಡು, ಯಾರಿಗೋ ಏನೋ ಆಗಿದೆ ಎಂದು ಭಾಗ್ಯ ಗಾಬರಿಯಾದಳು. ಸಾಹುಕಾರರು, ಅಳಿಯಂದಿರು ಊಟಕ್ಕೆ ಬರಬೇಕು, ಹೋಳಿಗೆ ಮಾಡಿಸಿದ್ದೇನೆ ಎಂದರು. ಮಾಸ್ತರು ಫೋನನ್ನು ಕಿವಿಯಿಂದ ತೆಗೆದು ಮತ್ತೊಮ್ಮೆ ಹೆಸರು ನೋಡಿಕೊಂಡರು.

ಯಾದಗಿರಿಯಲ್ಲಿ ಅವರಿಗಾದ ಸ್ವಾಗತ ಮದುವೆಯ ದಿನವೂ ಆಗಿರಲಿಲ್ಲ. ಸಾಹುಕಾರರು ರಸ್ತೆಯ ತನಕ ಬಂದು ನಿಂತಿದ್ದರು. ಅತ್ತೆ ಮಾನಮ್ಮ ಕಾಲಿಗೆ ನೀರು ಕೊಟ್ಟು, ಹೊಸ ಪಂಚೆ ಶಲ್ಯ ಇಟ್ಟು ಆಹೇರಿ ಮಾಡಿದರು. ಭೀಮೇಶ ಎಂದಿನ ತನ್ನ ಜಾಗದಲ್ಲಿ ಕೂತಿದ್ದ. ಸಾಹುಕಾರರು ಅವನಿಗೆ ಸ್ವಲ್ಪ ಆಚೆ ಸರಿಯಲು ಹೇಳಿದರು. ಅವನು ಸರಿದ. ಇನ್ನೂ ಸ್ವಲ್ಪ ಎಂದರು. ಅವನು ಅಡುಗೆಮನೆಯ ಬಾಗಿಲ ತನಕ ಸರಿದು, ಅಲ್ಲಿಂದ ಷಡ್ಡಕನನ್ನು ಹೊಸ ಪ್ರಾಣಿಯನ್ನು ನೋಡುವಂತೆ ನೋಡುತ್ತ ಕೂತ.

ಎರಡು ಹೋಳಿಗೆ ಇಳಿದ ಮೇಲೆ ಸಾಹುಕಾರರು ಮೆಲ್ಲಗೆ ಮಾತು ತೆಗೆದರು. "ಅಳಿಯಾರ, ನಿಮ್ಮ ಕಾಂಟಾ ಕಂಪ್ಯೂಟರ್ ಸುದ್ದಿ ಊರೆಲ್ಲ ಆಗ್ಯಾದ. ಏನದು, ನಮಗೂ ತುಸು ತಿಳಿಯೋಹಂಗ ಹೇಳ್ರಿ."

ಮಾಸ್ತರು ಮಾವನತ್ತ ಹೊರಳಿ ಕೂತರು. ಪುಸ್ತಕದಲ್ಲೂ ಕ್ವಾಂಟಮ್ ಒಂದಿದ್ದರೆ ಕ್ವಾಂಟಮ್, ಹಲವಿದ್ದರೆ ಕ್ವಾಂಟಾ. ಮುದುಕರು ಉಚ್ಚಾರದಲ್ಲಿ ಒಂದಿಷ್ಟು ಎಡವಿದ್ದಾರೆ, ಆದರೆ ಬಹುವಚನ ಹಿಡಿದುಬಿಟ್ಟಿದ್ದಾರೆ. ಇವರು ಎಲ್ಲೋ ಓದಿಕೊಂಡಿದ್ದಾರೆ ಎಂದುಕೊಂಡರು. ಹದಿನೈದು ವರ್ಷ ಇಂಥ ಮನುಷ್ಯನನ್ನು ತಪ್ಪು ತಿಳಿದೆನಲ್ಲ ಎಂದು ಪಶ್ಚಾತ್ತಾಪವೂ ಆಯಿತು.

"ಹೆಂಗಂದ್ರ ಮಾವಾರ, ಒಂದು ವಸ್ತು ಒಂದ ಹೊತ್ತಿಗೆ ಎರಡು ಥರ ಇರ್ತದ. ಯಾರೂ ನೋಡೋತನಕ ಎರಡೂ ಇರ್ತಾವ. ಯಾರರ ಬಂದು ನೋಡಿದ್ರೋ, ಒಂದ ಕಾಣ್ತದ. ಇನ್ನೊಂದು ಎಲ್ಲಿ ಹೋತು ಅನ್ನೂದು ತಿಳಿಯೂದಿಲ್ಲ."

ಸಾಹುಕಾರರ ಕೈಯ ತುತ್ತು ತಟ್ಟೆಗೆ ಬಿತ್ತು. "ಇದನ್ನ ನಿಮಗ ಯಾರು ಹೇಳಿದ್ರು?"

"ವಿಶ್ವವಿದ್ಯಾಲಯದಾಗ ಎಲ್ಲಾರಿಗೂ ಗೊತ್ತದ್ರಿ. ಇವತ್ತು ನಿನ್ನಿದಲ್ಲ, ನೂರು ವರ್ಷದಿಂದ ಗೊತ್ತದ."

ಅಂದರೆ ಅಜ್ಜನ ಕಾಲದ್ದೂ ಗೊತ್ತಿದೆ. ಸಾಹುಕಾರರು ನೀರು ಕುಡಿದರು. ಸಂಕೋಚದ ಕಾಂಟಾವನ್ನು ಗೋಣಿಯಲ್ಲಿ ಸುತ್ತಿ, ಆ ಬೆಳಿಗ್ಗೆಯಷ್ಟೇ ಹಸನಸಾಬನ ಕೈಯಲ್ಲಿ ಸುರಪುರದ ತಂಗಿಯ ಮನೆಗೆ ಕಳಿಸಿದ್ದರು. ಆ ಧೈರ್ಯದ ಮೇಲೆ ಕೇಳಿದರು. "ಆ ಇನ್ನೊಂದನ್ನ ದೂರ ಬ್ಯಾರೆ ಊರಿಗೆ ಕಳಿಸಿಬಿಟ್ರ?"

ತರಬೇತಿಗೆ ಬಂದ ಬೇರೆ ಮಾಸ್ತರುಗಳಿಗೂ ಹೊಳೆಯದ ಪ್ರಶ್ನೆ ಇದು. ಮಾಸ್ತರು ಊಟ ಬಿಟ್ಟು ನೆಟ್ಟಗೆ ಕೂತರು. "ಜೋಡಿ ಅಂದ್ರ ಜೋಡಿನೇರಿ. ಇಲ್ಲಿ ಒಂದನ್ನ ನೋಡಿದ್ರ ಸಾಕು, ಅಲ್ಲಿರೋದರ ಹಣೇಬರಹ ಇಲ್ಲೇ ತಿಳೀತದ."

"ಸುರಪುರಕ್ಕ ಕಳಿಸಿದ್ರೂ?"

"ಸುರಪುರ ಏನ್ರಿ, ಚಂದ್ರಲೋಕಕ್ಕ ಕಳಿಸಿದ್ರೂ."

ಸಾಹುಕಾರರು ತಟ್ಟೆಯನ್ನು ಆಚೆ ಸರಿಸಿದರು. ಕೊನೆಗೆ, ಇಂಥದ್ದಕ್ಕೆ ಕೆಡುವುದು ಎಂಬುದೇ ಇಲ್ಲವೇ ಎಂದು ದೀನವಾಗಿ ಕೇಳಿದರು. ಇದೆ, ಶಾಖವೇ ಅದರ ಶತ್ರು, ಭಾರೀ ತಂಪು ಬೇಕು, ತುಸು ಬಿಸಿ ತಗುಲಿದರೂ ತಪ್ಪು ಲೆಕ್ಕ ಹೇಳುತ್ತದೆ ಎಂದು ಮಾಸ್ತರು ಒಪ್ಪಿಕೊಂಡರು. ವಿಜ್ಞಾನಿಗಳು ಅದಕ್ಕಾಗಿ ಎಷ್ಟು ಒದ್ದಾಡುತ್ತಿದ್ದಾರೆ ಎಂದು ವಿವರಿಸಲು ಹೊರಟರು. ಸಾಹುಕಾರರಿಗೆ ಅಷ್ಟೇ ಬೇಕಾಗಿತ್ತು. ಮುಖ ಅರಳಿತು. "ಅಳಿಯಾರಿಗೆ ಇನ್ನೊಂದು ಹೋಳಗಿ ನೀಡು" ಎಂದು ಹೆಂಡತಿಗೆ ಹೇಳಿದರು.

ಬಸ್ಸಿನಲ್ಲಿ ಮಾಸ್ತರು, ನಿಮ್ಮಪ್ಪನಿಗೆ ವಿಜ್ಞಾನಿಯ ಮನಸ್ಸಿದೆ ಎಂದು ಹೆಂಡತಿಗೆ ಹೇಳಿದರು. ಅಪ್ಪ ಲಾಭವಿಲ್ಲದೆ ಒಂದು ಪ್ರಶ್ನೆಯನ್ನೂ ಕೇಳಿದವನಲ್ಲ ಎಂದು ಭಾಗ್ಯ ಹೇಳಿದಳು. ಅದನ್ನೂ ಮಾಸ್ತರು ಹೊಗಳಿಕೆಯೆಂದೇ ತೆಗೆದುಕೊಂಡರು.

ಬುಧವಾರ ಬಂತು. ಶಿವರಾತ್ರಿ ಕಳೆದು ಬಿಸಿಲು ಕೆಂಡವಾಗಿತ್ತು. ರೈಲಿಳಿದ ನಿರ್ದೇಶಕರು ಮೈಸೂರು ಕಡೆಯವರು, ಕೋಟು ಟೈ ಧರಿಸಿದ್ದರು. ರೈತಭವನದ ಮುಂದೆ ಬಂದವರೇ ನಿಂತುಬಿಟ್ಟರು. ಟ್ರ್ಯಾಕ್ಟರುಗಳು, ಟಂಟಂ ಗಾಡಿಗಳು ಗಂಜಿನ ಗೇಟಿನ ತನಕ ಸಾಲುಗಟ್ಟಿದ್ದವು. ಒಳಗೆ ಕುರ್ಚಿಗಳು ತುಂಬಿ, ಕಿಟಕಿಗಳು ತುಂಬಿ, ಜನ ವೇದಿಕೆಯ ಮೆಟ್ಟಿಲ ಮೇಲೂ ಕೂತಿದ್ದರು. ಎಲ್ಲರ ಮಗ್ಗುಲಲ್ಲೂ ತೊಗರಿಯ ಚೀಲಗಳು. ಗಣ್ಯರಿಗೆಂದು ಹಾಕಿದ ಸೋಫಾದ ಮೇಲೆ ಹತ್ತಿಕುಣಿಯ ದೇವಕಮ್ಮ ಎಂಬ ಮುದುಕಿ ತನ್ನ ಚೀಲವನ್ನು ಕೂಡಿಸಿ, ತಾನು ಅದರ ಕಾಲಬುಡದಲ್ಲಿ ನೆಲಕ್ಕೆ ಕೂತಿದ್ದಳು. ಹೊಲದಿಂದ ನೇರವಾಗಿ ವಿಜ್ಞಾನಕ್ಕೆ ಬಂದಿದ್ದಾರಲ್ಲ ಎಂದು ನಿರ್ದೇಶಕರು ಪ್ರಾಂಶುಪಾಲರ ಕೈ ಹಿಡಿದುಕೊಂಡರು. ಪ್ರಾಂಶುಪಾಲರು ಇದೆಲ್ಲ ತಮ್ಮ ಮಾರ್ಗದರ್ಶನ ಎಂಬ ಮುಖ ಮಾಡಿದರು.

ಒಂದು ವಿಚಿತ್ರವೆಂದರೆ ಸೆಕೆ. ಫ್ಯಾನುಗಳ ಫ್ಯೂಸು ಬೆಳಿಗ್ಗೆಯೇ ಕಾಣೆಯಾಗಿತ್ತು. ಅದರ ಮೇಲೆ ಪ್ರತಿಯೊಂದು ಕಿಟಕಿಯ ಕೆಳಗೂ ಯಾರೋ ಒಲೆ ಹೂಡಿ, ದೊಡ್ಡ ಬಾಣಲೆಯಿಟ್ಟು ಮಿರ್ಚಿ ಭಜಿ ಕರಿಯುತ್ತಿದ್ದರು. ಸಭಿಕರಿಗೆಲ್ಲ ಹಣಮಂತ್ರಾಯ ಸಾಹುಕಾರರ ವತಿಯಿಂದ ಭಜಿ ಚಹಾ ಎಂದು ಶಹಬಾಜ ಮೈಕಿನಲ್ಲಿ ಹೇಳಿದ. ಎಂದೂ ಎಂಜಲ ಕೈಯಲ್ಲಿ ಕಾಗೆ ಹೊಡೆಯದ ಮಾವ ತನ್ನ ಭಾಷಣಕ್ಕಾಗಿ ಊರಿಗೇ ಭಜಿ ಹಂಚುತ್ತಿದ್ದಾರೆಂದು ಮಾಸ್ತರ ಎದೆ ಉಬ್ಬಿತು. ಸಾಹುಕಾರರು ಹಿಂದಿನ ಬಾಗಿಲಲ್ಲಿ ಹಸ್ತ ಚಾಚಿ ಗಾಳಿಯ ಬಿಸಿ ನೋಡುತ್ತ, ಇನ್ನೊಂದು ಒಲೆ ಹಚ್ಚಲು ಹಸನಸಾಬನಿಗೆ ಸನ್ನೆ ಮಾಡುತ್ತಿದ್ದರು.

ನಿರ್ದೇಶಕರು ಉದ್ಘಾಟನೆಯ ದೀಪ ಹಚ್ಚಿದರು. ಆ ಒಂದು ದೀಪದ ಶಾಖವೇ ಹೆಚ್ಚಾದಂತೆ ಕೋಟು ತೆಗೆದರು, ಆಮೇಲೆ ಟೈ ತೆಗೆದರು. ಮಾಸ್ತರು ಮಾತು ಶುರುಮಾಡಿ ಸೊನ್ನೆ ಒಂದುಗಳ ವರೆಗೆ ಬಂದಿದ್ದರು. ದೇವಕಮ್ಮ ಎದ್ದು ನಿಂತಳು.

"ಮಾಸ್ತರ, ಮಶೀನ್ ಎಲ್ಲದ?"

ಅದು ಇಲ್ಲಿಲ್ಲ, ದೂರದೇಶದಲ್ಲಿದೆ ಎಂದರು ಮಾಸ್ತರು. ಸಭೆಯಲ್ಲಿ ಗುಜುಗುಜು ಎದ್ದಿತು. ನಾವು ಬರುವ ಮೊದಲೇ ಸಾಗಹಾಕಿದ್ದಾರೆ ಎಂದು ಯಾರೋ ಹಿಂದಿನಿಂದ ಅಂದರು. ಇಲ್ಲಿದ್ದರೂ ಹತ್ತಿರ ಹೋಗಿ ಇಣುಕುವ ಹಾಗಿಲ್ಲ, ಇಣುಕಿದರೆ ಲೆಕ್ಕ ಕೆಡುತ್ತದೆ ಎಂದು ಮಾಸ್ತರು ಸಮಾಧಾನ ಹೇಳಿದರು.

"ನಿಮ್ಮ ಮಾವಾನೂ ಹಿಂಗ ಅಂತಾನ" ಎಂದಳು ದೇವಕಮ್ಮ. "ದೂರ ನಿಂದ್ರು ಮುದುಕಿ, ನೀ ಬಗ್ಗಿ ನೋಡಿದ್ರ ಕಾಂಟಾ ಕೆಡ್ತದ ಅಂತಾನ."

ಸಭೆ ಗೊಳ್ಳೆಂದಿತು. ಅಳಿಯ ಮಾವ ಕೂಡಿಕೊಂಡಿದ್ದಾರೆ ಎಂದು ಕೆಲವರು ಎದ್ದು ನಿಂತರು. ನಮ್ಮ ಹೆಸರು ಯಾಕೆ ತೆಗೆಯುತ್ತೀರಿ ಎಂದು ಇನ್ನಿಬ್ಬರು ವ್ಯಾಪಾರಿಗಳು, ಯಾರೂ ಅವರ ಹೆಸರು ತೆಗೆಯದಿದ್ದರೂ, ಎದ್ದು ನಿಂತರು. ನಿರ್ದೇಶಕರಿಗೆ ಈ ಕಡೆಯ ಮಾತು ಪೂರ್ತಿ ಹಿಡಿಯುತ್ತಿರಲಿಲ್ಲ. ಅಜ್ಜಿ ಏನು ಕೇಳುತ್ತಿದ್ದಾರೆ ಎಂದು ಪ್ರಾಂಶುಪಾಲರತ್ತ ಬಾಗಿದರು. ಪ್ರಾಂಶುಪಾಲರು ಒಂದು ಕ್ಷಣ ಯೋಚಿಸಿ, "ನೋಡಿದ್ರೆ ಅಳತೆ ಯಾಕೆ ಕೆಡುತ್ತೆ ಅಂತ ಕೇಳ್ತಿದ್ದಾರೆ ಸರ್" ಎಂದರು. ಮಾತು ಅಕ್ಷರಶಃ ಸುಳ್ಳಲ್ಲ. ನಿರ್ದೇಶಕರ ಕಣ್ಣಲ್ಲಿ ನೀರು ಬಂತು. ಅದರಲ್ಲಿ ಅರ್ಧ ಮೆಣಸಿನಕಾಯಿಯ ಹೊಗೆಯದು. ಜಗತ್ತಿನ ದೊಡ್ಡ ದೊಡ್ಡ ತಲೆಗಳು ಜಗಳಾಡುತ್ತಿರುವ ಪ್ರಶ್ನೆ ಇದೇ ಎಂದು ಅವರು ಹೇಳಿದರು. ಹೇಳಿ ಮುಗಿಸುವಷ್ಟರಲ್ಲಿ ಸೆಕೆಗೆ ತಲೆ ಸುತ್ತಿತು. ಪ್ರಾಂಶುಪಾಲರು ಅವರನ್ನು ಮೆಲ್ಲಗೆ ಎಬ್ಬಿಸಿ, ಭೀಮೇಶನ ಕಾರಿನ ಎಸಿಯಲ್ಲಿ ಕೂಡಿಸಲು ಕರೆದೊಯ್ದರು.

ಇತ್ತ ದೇವಕಮ್ಮ ಚೀಲವನ್ನು ಎತ್ತಿ ತಂದು ಮಾಸ್ತರ ಮುಂದಿನ ಮೇಜಿನ ಮೇಲೆ, ಹೂಗುಚ್ಛದ ಮಗ್ಗುಲಿಗೆ, ಇಟ್ಟಳು. "ಮಶೀನ್ ಇರ್ಲಿ ಬಿಡ್ಲಿ. ಇದನ್ನ ತೂಗು."

"ನಾ ಯಾಕ ತೂಗಲಿ ಯವ್ವಾ?"

"ಮತ್ತ ಕಾಂಟಾ ಕಂಪ್ಯೂಟರ್ ಅಂದ್ರ ಏನು?"

ಒಲೆಗಳು ಅಷ್ಟು ಉರಿಯುತ್ತಿದ್ದರೂ ಮಾಸ್ತರ ಬೆನ್ನಿಗೆ ತಣ್ಣೀರು ಸುರಿದಂತಾಯಿತು. ಮಾವನ ಫೋನು, ಹೋಳಿಗೆ, ಸುರಪುರದ ಪ್ರಶ್ನೆ, ಮಿರ್ಚಿ ಭಜಿ, ಒಂದರ ಹಿಂದೆ ಒಂದು ತಲೆಯೊಳಗೆ ಬಂದು ಕೂತವು. ಹದಿನೈದು ವರ್ಷಕ್ಕೆ ಸಿಕ್ಕ ಮರ್ಯಾದೆ ತನ್ನದಲ್ಲ, ಒಂದು ತಕ್ಕಡಿಯದು. ಈ ತುಂಬಿದ ಸಭೆಯೂ ತನ್ನದಲ್ಲ. ಮಶೀನು ಮುಂದಿನ ಸಲ ಬರುತ್ತದೆ ಎಂದು ಒಂದು ಮಾತು ಹೇಳಿದರೆ ಜನ ಶಾಂತರಾಗಿ ಕೂರುತ್ತಾರೆ, ಕೇಂದ್ರ ಬರುತ್ತದೆ, ಹೋಳಿಗೆಯೂ ನಿಲ್ಲುವುದಿಲ್ಲ. ಹುಡುಗಿಯರ ಸಾಲಿನಲ್ಲಿ ಉಮೆಸಲ್ಮಾ ಓಡನಿಯ ತುದಿಯಿಂದ ಗಾಳಿ ಬೀಸಿಕೊಳ್ಳುತ್ತ ತನ್ನನ್ನೇ ನೋಡುತ್ತಿದ್ದಳು. ಎದುರಿಗೆ ದೇವಕಮ್ಮ ಚೀಲದ ಬಾಯಿಗೆ ಕಟ್ಟಿದ ಸೀರೆಯ ಅಂಚನ್ನು ಬಿಚ್ಚುತ್ತಿದ್ದಳು. ಈಗಲೇ ತೂಗುತ್ತಾರೆ ಎಂಬ ನಂಬಿಕೆ ಅವಳ ಬೆರಳುಗಳಲ್ಲಿತ್ತು.

ಮಾಸ್ತರು ಮೈಕು ಹಿಡಿದರು. ದನಿಯಲ್ಲಿ ಗತ್ತಿರಲಿಲ್ಲ. "ತಪ್ಪಾಗ್ಯಾದ್ರಿ. ಇದು ಕಾಂಟಾ ಅಲ್ಲ, ಕ್ವಾಂಟಮ್. ಲೆಕ್ಕ ಮಾಡೋ ಮಶೀನು. ಇದಕ್ಕ ತೊಗರಿ ತೂಗಾಕ ಬರೂದಿಲ್ಲ. ನನಗೂ ಬರೂದಿಲ್ಲ. ನೀವೆಲ್ಲ ಕೆಲಸ ಬಿಟ್ಟು ಬಂದೀರಿ, ನಾ ಮೊದಲ ವಿಚಾರಿಸಬೇಕಿತ್ತು."

ಸಭೆ ಮೌನವಾಯಿತು. ಕಿಟಕಿಯಾಚೆ ಎಣ್ಣೆ ಚುರುಗುಟ್ಟುವುದು ಕೇಳುತ್ತಿತ್ತು. ಆ ಮೌನದಲ್ಲಿ, ವಾರದಿಂದ ನಿದ್ದೆಗೆಟ್ಟಿದ್ದ ಹಣಮಂತ್ರಾಯ ಸಾಹುಕಾರರ ಎದೆಯ ಮೇಲಿನ ಬಂಡೆ ಉರುಳಿತು. ಉರುಳಿದ ಸದ್ದು ಕೊನೆಯ ಕುರ್ಚಿಯಿಂದ ವೇದಿಕೆಯ ತನಕ ಸ್ಪಷ್ಟವಾಗಿ ಕೇಳಿಸಿತು.

"ಥೂ ಇದರ. ಸುಮ್ಸುಮ್ನ ಆ ಖೊಟ್ಟಿ ಕಾಂಟಾ ಸುರಪುರಕ್ಕ ಕಳಿಸಿದ್ವಲ್ಲೋ ಹಸನಸಾಬ."

ಹಸನಸಾಬ ಬಾಯಲ್ಲಿದ್ದ ಭಜಿ ನುಂಗಿ, "ಚಿಂತಿಲ್ರಿ ಸಾಹುಕಾರ್ರ, ನಾಳಿ ತಂದ್ರಾತು" ಎಂದ.

ಕುರ್ಚಿಗಳೆಲ್ಲ ಒಮ್ಮೆಲೇ ಹಿಂದಕ್ಕೆ ತಿರುಗಿದವು. ಸಾಹುಕಾರರು ತಾವು ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಬಾಯಲ್ಲಿ ಅಂದಿದ್ದೇವೆಂದು ಜನರ ಮುಖ ನೋಡಿ ತಿಳಿದುಕೊಂಡರು. ಓಡೋಣವೆಂದರೆ ಬಾಗಿಲಿಗೆ ತಾವೇ ಹೂಡಿಸಿದ ಒಲೆ ಅಡ್ಡವಿತ್ತು.

ಯಾರೂ ಕೈ ಮಾಡಲಿಲ್ಲ. ದೇವಕಮ್ಮ ಚೀಲದ ಬಾಯಿ ತಿರುಗಿ ಕಟ್ಟಿ, ಮಾಸ್ತರ ಹೆಗಲಿಗೆ ಹೊರಿಸಿ, "ನಡಿ, ನಿಮ್ಮ ಮಾವನ ಅಂಗಡಿಗೆ" ಎಂದಳಷ್ಟೆ. ಸಭೆಗೆ ಸಭೆಯೇ ಹಿಂದೆ ಹೊರಟಿತು. ಅಂಗಡಿಯಲ್ಲಿ ಆಗ ಇದ್ದದ್ದು ಸತ್ಯಹರಿಶ್ಚಂದ್ರನೊಂದೇ. ಅಂದು ಇಳಿಹೊತ್ತಿನ ತನಕ ಹಸನಸಾಬ ಅದರ ಮೇಲೆ ಬಂದವರ ಚೀಲಗಳನ್ನೆಲ್ಲ ತೂಗಿದ. ಮನೆಯಲ್ಲಿ ತೂಗಿಕೊಂಡು ಬಂದವರು, ಇದೇ ಮೊದಲ ಸಲ ಮನೆಯ ತೂಕವೂ ಗಂಜಿನ ತೂಕವೂ ಹೊಂದಿದವು ಎಂದು ಮಾತಾಡಿಕೊಂಡರು. ಸುರಪುರದ ಕಾಂಟಾವನ್ನು ಮರುದಿನ ರೈತರೇ ತರಿಸಿ ತೂಕದ ಇಲಾಖೆಯವರಿಗೆ ಒಪ್ಪಿಸಿದರು. ಹಿಂದಿನ ಕೊರತೆ ತುಂಬಿಕೊಡುವ ಮಾತನ್ನೂ ಆಡಿಸಿಕೊಂಡರು.

ಮಾಸ್ತರು ಚೀಲ ಇಳಿಸಿದ್ದೇ ಸ್ಟೇಷನ್ನಿಗೆ ಓಡಿದರು. ನಿರ್ದೇಶಕರು ಎಸಿಯಲ್ಲಿ ಚೇತರಿಸಿಕೊಂಡು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಎಳನೀರು ಕುಡಿಯುತ್ತಿದ್ದರು. ಕೇಂದ್ರ ಹೋದರೆ ಹೋಗಲಿ ಎಂದು ಗಟ್ಟಿಮನಸ್ಸು ಮಾಡಿ ಮಾಸ್ತರು ನಡೆದದ್ದನ್ನೆಲ್ಲ ಹೇಳಿದರು. ಆ ಜನ ಬಂದದ್ದು ಕ್ವಾಂಟಮ್ ಕಂಪ್ಯೂಟರ್ ಎಂದರೆ ತಕ್ಕಡಿ ಎಂದು ತಿಳಿದು, ತಮ್ಮ ಮಾತು ಕೇಳಲಿಕ್ಕೆ ಅಲ್ಲ ಎಂದರು. ನಿರ್ದೇಶಕರು ಎಳನೀರಿನ ನಳಿಕೆ ಬಿಟ್ಟು ತಲೆದೂಗಿದರು. "ತಕ್ಕಡಿ. ಎಂಥ ಚೆಂದದ ಉಪಮೆ ಕಣ್ರೀ. ಇಷ್ಟು ವರ್ಷ ಪಾಠ ಮಾಡಿದೆ, ನನಗೆ ಹೊಳೆದೇ ಇರಲಿಲ್ಲ." ಮಾಸ್ತರು, ಉಪಮೆಯಲ್ಲ, ನಿಜವಾದ ತೊಗರಿ ತೂಗುವ ತಕ್ಕಡಿ ಎಂದು ಮತ್ತೆ ಹೇಳಿದರು. ಸ್ಥಳೀಯ ಬೆಳೆಯನ್ನೇ ಉದಾಹರಣೆಗೆ ತೆಗೆದುಕೊಂಡದ್ದು ಇನ್ನೂ ಚೆನ್ನ ಎಂದು ನಿರ್ದೇಶಕರು ಬೆನ್ನು ತಟ್ಟಿ ರೈಲು ಹತ್ತಿದರು. ಸತ್ಯ ಹೇಳುವುದಷ್ಟೇ ಮನುಷ್ಯನ ಕೈಲಿದೆ. ಕೇಳಿಸುವುದು ಅವನ ಕೈಲಿಲ್ಲ.

ಕೇಂದ್ರ ಶಹಾಪುರಕ್ಕೆ ಬಂತು. ಮೊದಲ ದಿನ ಉಮೆಸಲ್ಮಾ ಜೋಡಿಯ ಒಂದು ಸಣ್ಣ ಲೆಕ್ಕ ಬರೆದು ದೂರದೇಶಕ್ಕೆ ಕಳಿಸಿದಳು. ಸರದಿಯಲ್ಲಿ ಕಾದು ಉತ್ತರ ಬಂದಾಗ ಅರ್ಧದಷ್ಟು ಸಲ ಎರಡೂ ಸೊನ್ನೆ, ಅರ್ಧದಷ್ಟು ಸಲ ಎರಡೂ ಒಂದು, ನಡುವೆ ಅಲ್ಲೊಂದು ಇಲ್ಲೊಂದು ಜೋಡಿ ಹೊಂದದ ತಪ್ಪು. ಹುಡುಗಿ ತಪ್ಪುಗಳಿಗೆ ಕಾರಣ ಕೇಳಿದಳು. ಶಾಖವಿರಬಹುದು, ಖಚಿತವಾಗಿ ನನಗೆ ಗೊತ್ತಿಲ್ಲ, ಕೂಡಿ ಓದೋಣ ಎಂದರು ಮಾಸ್ತರು. ಗೊತ್ತಿಲ್ಲ ಎಂಬ ಮಾತು ಅವರ ಬಾಯಿಂದ ಸರಾಗವಾಗಿ ಬಂದದ್ದು ಅವರಿಗೇ ಹಗುರೆನಿಸಿತು.

ಮಾವನ ಮನೆಯಿಂದ ಮಾತ್ರ ಸುದ್ದಿಯಿರಲಿಲ್ಲ. ಭಾಗ್ಯ ತಾನಾಗಿ ಫೋನ್ ಮಾಡಲಿಲ್ಲ. ಅಪ್ಪನ ಮುಖ ನೋಡಲು ನಾಚಿಕೆಯಾಗುತ್ತದೆ ಎಂದಳು. ಅಂಗಡಿಯಲ್ಲಿ ಈಗ ಒಂದೇ ಕಾಂಟಾ ಇದೆ, ಅದೂ ಹೊರಗೆ ಬಿಸಿಲಲ್ಲಿ, ಎಲ್ಲರ ಕಣ್ಣಿಗೆ ಬೀಳುವಂತೆ ಇದೆ ಎಂದು ಮಾನಮ್ಮ ಕದ್ದು ಫೋನ್ ಮಾಡಿ ತಿಳಿಸಿದರು. ಅಂಗಡಿಗೆ ಬರುವ ಚೀಲಗಳು ಮೊದಲಿಗಿಂತ ಹೆಚ್ಚಾಗಿವೆ, ಆದರೂ ಗಂಡ ಮಂಕಾಗಿದ್ದಾರೆ, ಒಮ್ಮೊಮ್ಮೆ ಹಿಂದೆ ತಿರುಗಿ ನೋಡುತ್ತಾರೆ ಎಂದರು.

ಯುಗಾದಿಯ ಮುಂಚೆ ಒಂದು ಮಧ್ಯಾಹ್ನ ಸಾಹುಕಾರರದೇ ಫೋನ್ ಬಂತು. ಮಾಸ್ತರು ಬೈಗಳಿಗೆ ಸಿದ್ಧರಾಗಿ ಕಿವಿಗಿಟ್ಟರು. ಬೈಗಳು ಬರಲಿಲ್ಲ. ದನಿ ತಗ್ಗಿತ್ತು.

"ಅಳಿಯಾರ, ಅವತ್ತು ಆ ಮಶೀನ್ ರೈತಭವನದಾಗ ಇದ್ದಿಲ್ಲ ಅಂತೀರಿ."

"ಇದ್ದಿಲ್ರಿ ಮಾವಾರ."

"ಅದಕ್ಕ ತೂಕ ಮಾಡಾಕ ಬರೂದಿಲ್ಲ ಅಂತೀರಿ."

"ಬರೂದಿಲ್ರಿ."

"ಮತ್ತ ಐವತ್ತು ವರ್ಷ ಹೆಂಡತಿಗೂ ಹೇಳಲಾರದ ಮಾತು, ಊರ ಮುಂದ ನನ್ನ ಬಾಯಿಂದ ಹೊರಡ್ಸಿದ್ದು ಯಾರು?"

ಮಾಸ್ತರಿಗೆ ಅಯ್ಯೋ ಎನ್ನಿಸಿತು. ತಮಗೆ ತಿಳಿದಷ್ಟನ್ನು ಮೊದಲಿನಿಂದ ನಿಧಾನವಾಗಿ ಹೇಳಿದರು. ಅದು ಸಾವಿರಾರು ಮೈಲಿ ದೂರದಲ್ಲಿದೆ. ಅದಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ಯಾದಗಿರಿ ಎಂಬ ಊರಿದೆ ಎಂಬುದೇ ಅದಕ್ಕೆ ಗೊತ್ತಿಲ್ಲ. ಯಾರ ಗುಟ್ಟೂ ಅದಕ್ಕೆ ಬೇಕಿಲ್ಲ, ನೀವು ನಿಶ್ಚಿಂತೆಯಿಂದಿರಿ ಎಂದರು.

ಆಚೆಯಿಂದ ಹಮಾಲರು ಚೀಲ ಒಗೆಯುವ ಸದ್ದು, ಹಸನಸಾಬ ಗಟ್ಟಿಯಾಗಿ ತೂಕ ಕೂಗುವುದು ಕೇಳುತ್ತಿತ್ತು. ಆಮೇಲೆ ಸಾಹುಕಾರರು ಫೋನಿಗೆ ಅಂಗೈ ಮರೆಮಾಡಿ ಪಿಸುದನಿಯಲ್ಲಿ ಕೇಳಿದರು.

"ಹಿಂಗ ಹೇಳು ಅಂತ ನಿಮಗ ಆ ಮಶೀನೇ ಹೇಳಿ ಕಳಿಸ್ಯಾದೇನು?"